ಸಮಾಧಾನದ ಸೇವಕರನ್ನು ಸಿದ್ಧಮಾಡಿದ ರೂಫಸ್ ಜೋನ್ಸರ ಚರಿತ್ರೆ



ಹಸಿದವರಿಗೆ ಅನ್ನ ಕೊಡುವದು ಕ್ರೈಸ್ತರ ಕರ್ತವ್ಯವೆಂಬದನ್ನು ಅರಿಯದವರು ನಮ್ಮ ಸಭೆಗಳಲ್ಲಿ ಯಾರೂ ಇಲ್ಲ. ಆದರೆ ಅನ್ನ ಕೊಡುವ ಕೈಯಿಂದಲೇ ಜಗಳವೂ ಹುಟ್ಟಬಹುದೆಂಬದನ್ನು ಆಲೋಚಿಸುವವರು ಕೊಂಚ. ನೆರೆ ಬಂದು ಮನೆಗಳು ಬಿದ್ದಾಗ ಒಂದು ಕೇರಿಗೆ ಅಕ್ಕಿ ದೊರೆತು ಮತ್ತೊಂದು ಕೇರಿಗೆ ದೊರೆಯದೆ ಹೋದರೆ, ಆ ಅಕ್ಕಿ ತೀರಿಹೋದ ಮೇಲೆಯೂ ಹೊಟ್ಟೆಕಿಚ್ಚು ತೀರುವದಿಲ್ಲ. ಹಂಚಿದವನು ಯಾರ ಕಡೆಯವನು, ಯಾರ ಹೆಸರನ್ನು ಮೊದಲು ಬರೆದನು, ಯಾರ ಮನೆಯ ಜಗಲಿಯ ಮೇಲೆ ಕೂತು ಹಂಚಿದನು ಎಂಬ ಮಾತು ವರುಷಗಟ್ಟಳೆ ನಡೆಯುತ್ತಿರುವದು. ಆದಕಾರಣ ಸೇವೆಗೆ ಹೊರಡುವವನು ಕೊಡುವದನ್ನು ಮಾತ್ರವಲ್ಲ, ಸಮಾಧಾನ ಮಾಡುವದನ್ನೂ ಕಲಿತುಕೊಂಡು ಹೊರಡಬೇಕು. ಅದು ತಾನಾಗಿ ಬರುವ ವಿದ್ಯೆಯಲ್ಲ. ನೇಗಿಲು ಹಿಡಿಯುವದನ್ನು ಕಲಿಯುವ ಹಾಗೆ ಅದನ್ನೂ ಕಲಿಯಬೇಕು, ಕಲಿಸುವವರೂ ಬೇಕು.

ಹೀಗೆ ಕಲಿಸಿದವರಲ್ಲಿ ಒಬ್ಬರು ಅಮೇರಿಕಾ ದೇಶದ ರೂಫಸ್ ಜೋನ್ಸ್ ಎಂಬ ಉಪಾಧ್ಯಾಯರು. ಅವರು ತೀರಿಹೋಗಿ ಎಪ್ಪತ್ತಕ್ಕೂ ಹೆಚ್ಚು ವರುಷಗಳಾದವು. ಆದರೂ ಅವರು ನೆಟ್ಟ ಗಿಡವು ಇಂದಿಗೂ ಫಲ ಕೊಡುತ್ತಿರುವದರಿಂದ ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

1. ಬಾಲ್ಯ

ಅಮೇರಿಕಾದ ಈಶಾನ್ಯ ಮೂಲೆಯಲ್ಲಿ ಮೇಯ್ನ್ ಎಂಬ ಚಳಿಯ ಪ್ರಾಂತವುಂಟು. ಅಲ್ಲಿ ಒಂದು ಸರೋವರದ ದಡದಲ್ಲಿರುವ ಸೌತ್ ಚೈನಾ ಎಂಬ ಚಿಕ್ಕ ಹಳ್ಳಿಯಲ್ಲಿ 1863ನೇ ಇಸವಿ ಜನವರಿ 25ರಲ್ಲಿ ಜೋನ್ಸರು ಹುಟ್ಟಿದರು. ತಂದೆಯು ಒಕ್ಕಲಿಗನು. ಆ ಮನೆಯವರು ಕ್ವೇಕರರೆಂದು ಹೆಸರುಗೊಂಡ ಸ್ನೇಹಿತರ ಸಂಘಕ್ಕೆ ಸೇರಿದವರು. ಈ ಸಂಘವು 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬವರಿಂದ ಆರಂಭವಾಯಿತು. ಇವರು ಹಿಂದಿನಿಂದಲೂ ಮೌನವಾಗಿ ಕೂತು ದೇವರನ್ನು ಕಾದುಕೊಳ್ಳುವ ಆರಾಧನೆಯನ್ನು ನಡಿಸಿದವರು, ಯುದ್ಧದಲ್ಲಿ ಆಯುಧ ಹಿಡಿಯುವದು ಕ್ರಿಸ್ತನ ಮಾರ್ಗಕ್ಕೆ ವಿರುದ್ಧವೆಂದು ಸಾಕ್ಷಿ ಹೇಳಿದವರು.

ಮಗುವು ಹುಟ್ಟಿದ ದಿನವೇ ಪೀಸ್ ಎಂಬ ಹೆಸರಿನ ಸೋದರತ್ತೆಯು ಅದನ್ನು ತನ್ನ ತೋಳುಗಳಲ್ಲಿ ಎತ್ತಿಕೊಂಡು, ಇವನು ಒಂದು ದಿನ ಸುವಾರ್ತೆಯನ್ನು ದೂರ ದೇಶಗಳಿಗೆ ಒಯ್ಯುವನೆಂದು ಹೇಳಿದಳಂತೆ. ಪೀಸ್ ಎಂಬ ಆ ಹೆಸರಿಗೆ ಸಮಾಧಾನವೆಂದೇ ಅರ್ಥ. ದಿನಾಲು ಬೆಳಿಗ್ಗೆ ಊಟವಾದ ಮೇಲೆ ಮನೆಯವರೆಲ್ಲರೂ ಸೇರಿ ಸತ್ಯವೇದದ ಒಂದು ಅಧ್ಯಾಯವನ್ನು ಓದಿ ಸ್ವಲ್ಪ ಹೊತ್ತು ಮೌನವಾಗಿ ಕೂತಿರುವರು. ಆ ಮೇಲೆಯೇ ಹೊಲದ ಕೆಲಸ. ಮಾತಿಲ್ಲದ ಆ ಹೊತ್ತಿನಲ್ಲಿ ದೇವರು ಸಮೀಪವಾಗಿ ಇದ್ದಾನೆಂಬದು ಬಾಲಕನ ಮನಸ್ಸಿನಲ್ಲಿ ಬೇರೂರಿತು.

ಒಂದು ದಿನ ತಂದೆತಾಯಿಗಳು ಎಲ್ಲಿಗೋ ಹೋಗುವಾಗ ಮಡಿಯೊಳಗಿನ ಕಳೆ ಕೀಳಬೇಕೆಂದು ಹುಡುಗನಿಗೆ ಹೇಳಿ ಹೋದರು. ಅವನು ಸ್ವಲ್ಪ ಕಿತ್ತು, ಗೆಳೆಯರು ಬಂದು ಕರೆಯಲಾಗಿ ಕೆಲಸ ಬಿಟ್ಟು ಅವರ ಸಂಗಡ ಮೀನು ಹಿಡಿಯಲಿಕ್ಕೆ ಹೋದನು. ಸಾಯಂಕಾಲ ತಾಯಿಯು ಅವನನ್ನು ಕೋಣೆಗೆ ಕರಕೊಂಡು ಹೋದಾಗ ಬೆತ್ತದ ಪೆಟ್ಟು ಬೀಳುವದೆಂದು ಅವನು ಕಾದನು. ಆಕೆಯು ಹೊಡೆಯಲಿಲ್ಲ. ಅವನನ್ನು ಕುರ್ಚಿಯ ಮೇಲೆ ಕೂಡ್ರಿಸಿ, ತಾನು ಮೊಣಕಾಲೂರಿ, ಈ ಹುಡುಗನನ್ನು ನಂಬತಕ್ಕ ಮನುಷ್ಯನನ್ನಾಗಿ ಮಾಡಬೇಕೆಂದು ದೇವರನ್ನು ಬೇಡಿಕೊಂಡಳು. ಪೆಟ್ಟಿನಿಂದಾಗದ ಕೆಲಸವನ್ನು ಆ ಪ್ರಾರ್ಥನೆಯು ಮಾಡಿತೆಂದು ಜೋನ್ಸರು ಮುದುಕರಾದ ಮೇಲೆಯೂ ನೆನಸಿ ಬರೆದರು. ಮುಂದೆ ದೊಡ್ಡ ಅಧಿಕಾರಿಗಳ ಎದುರಿಗೆ ಅವರು ಉಪಯೋಗಿಸಿದ ಸಾಧನವು ಇದೇ ಎಂಬದನ್ನು ಓದುವವರು ಕಾಣುವರು.

ಹತ್ತು ವರುಷದವನಿರುವಾಗ ಕಾಲಿಗೆ ಗಾಯವಾಗಿ, ಅದು ಕೆಟ್ಟು, ಬಹು ತಿಂಗಳುಗಳ ವರೆಗೆ ಅವನು ನಡೆಯಲಾರದೆ ಇದ್ದನು. ಆಗ ಅಜ್ಜಿಯ ಬಳಿಯಲ್ಲಿ ಕೂತು ಸತ್ಯವೇದವನ್ನು ಅವಳಿಗೆ ಓದಿ ಹೇಳುತ್ತಾ ಬಂದನು.

ಅದೇ ಬಂಧುವರ್ಗದಲ್ಲಿ ಎಲೈ ಜೋನ್ಸ್, ಸಿಬಿಲ್ ಜೋನ್ಸ್ ಎಂಬ ದಂಪತಿಗಳಿದ್ದರು. ಇವರು ಆಫ್ರಿಕಾ, ಯುರೋಪು, ಪಾಲೆಸ್ತೀನ ದೇಶಗಳಿಗೆ ಹೋಗಿ ಸುವಾರ್ತೆ ಸಾರಿದವರು. ರಾಮಲ್ಲಾ ಊರಿನಲ್ಲಿ 1869ರಲ್ಲಿ ಹೆಣ್ಣುಮಕ್ಕಳ ಶಾಲೆ ಉಂಟಾಗುವದಕ್ಕೆ ಕಾರಣರಾದವರು. ಆದರೆ ಅಮೇರಿಕಾದಲ್ಲಿ ಗುಲಾಮರ ವಿಷಯವಾಗಿ ಉತ್ತರ ದಕ್ಷಿಣಗಳಿಗೆ ಯುದ್ಧ ನಡೆದಾಗ, ಈ ಸಮಾಧಾನಪ್ರಿಯ ದಂಪತಿಗಳ ಮಗನೇ ಗುಲಾಮರ ಬಿಡುಗಡೆಗಾಗಿ ದಂಡಿಗೆ ಸೇರಿ 1864ರಲ್ಲಿ ಮಡಿದನು. ಯುದ್ಧಮಾಡಬಾರದೆಂದು ಹೇಳುವದು ಸುಲಭ, ಅನ್ಯಾಯದ ಎದುರಿಗೆ ಸುಮ್ಮನಿರುವದು ಕಷ್ಟ ಎಂಬ ಈ ತೊಡಕು ಮನೆಯೊಳಗೇ ಇದ್ದದರಿಂದ ಜೋನ್ಸರು ಅದನ್ನು ಎಂದಿಗೂ ಹಗುರವಾಗಿ ಎಣಿಸಲಿಲ್ಲ.

2. ಉಪಾಧ್ಯಾಯರಾದದ್ದು

ಹದಿನೇಳನೇ ವಯಸ್ಸಿನಲ್ಲಿ ತಾಯಿಯು ತೀರಿಹೋದಳು. ಜೋನ್ಸರು ಮೇಲಣ ಶಾಲೆಯಲ್ಲಿ ಕಲಿತು, ಫಿಲಡೆಲ್ಫಿಯಾ ಪಟ್ಟಣದ ಸಮೀಪದಲ್ಲಿರುವ ಹ್ಯಾವರ್‌ಫರ್ಡ್ ಎಂಬ ಕ್ವೇಕರರ ಕಾಲೇಜಿನಲ್ಲಿ 1885ರಲ್ಲಿ ಪರೀಕ್ಷೆ ಮುಗಿಸಿದರು. ಬಳಿಕ ಯುರೋಪಿಗೆ ಹೋಗಿ ಜರ್ಮನಿಯ ಹೈಡಲ್‌ಬೆರ್ಗಿನಲ್ಲಿ ತತ್ವಶಾಸ್ತ್ರವನ್ನೂ ಫ್ರಾನ್ಸಿನ ದಕ್ಷಿಣ ಭಾಗದ ಒಂದು ಊರಿನಲ್ಲಿ ಫ್ರೆಂಚ್ ಭಾಷೆಯನ್ನೂ ಕಲಿತರು. ಮೂವತ್ತು ವರುಷಗಳ ಮೇಲೆ ಒಂದಕ್ಕೊಂದು ವೈರಿಗಳಾಗಿ ಲಕ್ಷಾಂತರ ಜನರನ್ನು ಕೊಂದ ಆ ಎರಡು ದೇಶಗಳ ಅನ್ನವನ್ನೂ ಅವರು ಯೌವನದಲ್ಲಿ ಉಂಡಿದ್ದರು. ಒಂದು ಜನಾಂಗದ ಮನೆಯಲ್ಲಿ ಕೂತು ಉಂಡವನು ಆ ಜನಾಂಗವೆಲ್ಲಾ ದುಷ್ಟವೆಂದು ಸುಲಭವಾಗಿ ಹೇಳಲಾರನು.

1893ರಲ್ಲಿ ಅವರು ಹ್ಯಾವರ್‌ಫರ್ಡ್ ಕಾಲೇಜಿಗೆ ಉಪಾಧ್ಯಾಯರಾಗಿ ಬಂದು 1934ರ ವರೆಗೆ ಅಲ್ಲಿ ಕಲಿಸಿದರು. ಅದರ ಸಂಗಡ ಸಂಘದ ಪತ್ರಿಕೆಯನ್ನೂ ನಡಿಸಿದರು. ಆ ಕಾಲದಲ್ಲಿ ಅಮೇರಿಕಾದ ಕ್ವೇಕರರು ತಮ್ಮೊಳಗೇ ಒಡೆದುಹೋಗಿದ್ದರು. 1827ರಲ್ಲಿ ಉಪದೇಶದ ವಿಷಯವಾಗಿ ವಿವಾದವೆದ್ದು ಸಭೆಯು ಎರಡಾಯಿತು. ಆ ಮೇಲೆ ಇನ್ನೂ ಕೆಲವು ಪಾಲುಗಳಾದವು. ಜಗತ್ತಿಗೆ ಸಮಾಧಾನವನ್ನು ಸಾರುವ ಜನರು ಒಂದೇ ಪಟ್ಟಣದಲ್ಲಿ ಬೇರೆ ಬೇರೆ ಆರಾಧನಾಮಂದಿರಗಳಲ್ಲಿ ಕೂಡುತ್ತಾ ಒಬ್ಬರ ಮುಖವನ್ನು ಒಬ್ಬರು ನೋಡದೆ ಇದ್ದರು. ಜೋನ್ಸರು ಯಾವ ಪಾಲಿನವರನ್ನೂ ಹೀಯಾಳಿಸದೆ ಎಲ್ಲರ ಬಳಿಗೂ ಹೋಗುತ್ತಾ, ಪತ್ರಿಕೆಯ ಮೂಲಕ ಎಲ್ಲರ ಸಂಗಡ ಮಾತಾಡುತ್ತಾ, ಒಡಕನ್ನು ಮುಚ್ಚುವದಕ್ಕೆ ಪ್ರಯಾಸಪಟ್ಟರು. ಆ ಕೆಲಸವು ಅವರ ಜೀವಮಾನದಲ್ಲಿ ಮುಗಿಯಲಿಲ್ಲ. ಫಿಲಡೆಲ್ಫಿಯಾದ ಎರಡು ಪಾಲುಗಳು ಕೂಡಿ ಒಂದಾದದ್ದು 1955ರಲ್ಲಿ, ಅಂದರೆ ಅವರು ತೀರಿಹೋಗಿ ಏಳು ವರುಷಗಳಾದ ಮೇಲೆ. ನೂರ ಇಪ್ಪತ್ತೆಂಟು ವರುಷಗಳ ಜಗಳವು ಹೀಗೆ ತೀರಿತು.

ದುಃಖವೂ ಅವರನ್ನು ಬಿಡಲಿಲ್ಲ. ಮೊದಲನೇ ಹೆಂಡತಿಯು 1899ರಲ್ಲಿ ತೀರಿಹೋದಳು. 1902ರಲ್ಲಿ ಎಲಿಜಬೆತ್ ಕ್ಯಾಡ್ಬರಿ ಎಂಬಾಕೆಯನ್ನು ಮದುವೆಯಾದರು. ಮರುವರುಷವೇ ಅವರು ಇಂಗ್ಲೆಂಡಿಗೆ ಪ್ರಯಾಣವಾಗಿ ಹೋಗಿದ್ದಾಗ, ಮೊದಲನೇ ಹೆಂಡತಿಯಿಂದಾದ ಲೋವೆಲ್ ಎಂಬ ಒಬ್ಬನೇ ಮಗನು ಹನ್ನೊಂದನೇ ವಯಸ್ಸಿನಲ್ಲಿ ರೋಗದಿಂದ ಸತ್ತನೆಂಬ ವರ್ತಮಾನ ಬಂತು. ಆ ಮಗುವಿನ ಚಿತ್ರವನ್ನು ಅವರು ತಮ್ಮ ಓದುವ ಕೋಣೆಯಲ್ಲಿ ಕಡೇ ವರೆಗೂ ಇಟ್ಟುಕೊಂಡಿದ್ದರು. ಮುಂದೆ ಪರದೇಶದ ಮಕ್ಕಳಿಗಾಗಿ ಅವರು ಪಟ್ಟ ಕಷ್ಟವನ್ನು ಓದುವಾಗ ಈ ಚಿತ್ರವನ್ನು ನಾವು ಮರೆಯಬಾರದು.

3. ನೂರು ಮಂದಿ ಯೌವನಸ್ಥರು

1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಹತ್ತಿತು. ಆ ಯುದ್ಧದ ಬಿಸಿಯು ನಮ್ಮ ಸೀಮೆಗೂ ತಟ್ಟಿತು. ಮಂಗಳೂರು, ಧಾರವಾಡ ಮುಂತಾದ ಸ್ಥಳಗಳಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಶನಿನ ಜರ್ಮನ್ ಬೋಧಕರು ತಮ್ಮ ಸಭೆಗಳನ್ನು ಬಿಟ್ಟು ಹೋಗಬೇಕಾಯಿತು. 1917ನೇ ಇಸವಿ ಎಪ್ರಿಲ್ 6ರಲ್ಲಿ ಅಮೇರಿಕಾವೂ ಯುದ್ಧಕ್ಕೆ ಇಳಿಯಿತು. ಯೌವನಸ್ಥರನ್ನು ದಂಡಿಗೆ ಸೇರಿಸುವ ಕಾಯಿದೆ ಬರಲಿಕ್ಕಿತ್ತು. ಕ್ವೇಕರ್ ಯೌವನಸ್ಥರು ಆಯುಧ ಹಿಡಿಯಲಾರೆವೆಂದು ಹೇಳಿದಾಗ, ಇವರು ಹೇಡಿಗಳೆಂದೂ ದೇಶದ್ರೋಹಿಗಳೆಂದೂ ಜನರು ದೂರಿದರು.

ಆಗ ಅದೇ ಎಪ್ರಿಲ್ 30ರಲ್ಲಿ ಬೇರೆ ಬೇರೆ ಪಾಲುಗಳ ಕ್ವೇಕರರು ಫಿಲಡೆಲ್ಫಿಯಾದಲ್ಲಿ ಕೂಡಿಬಂದು, ಕೊಲ್ಲುವದಿಲ್ಲವೆಂದು ಹೇಳಿದರೆ ಸಾಲದು, ಅದಕ್ಕೆ ಬದಲಾಗಿ ಪ್ರೀತಿಯ ಕೆಲಸವನ್ನು ಅಷ್ಟೇ ಕಷ್ಟಪಟ್ಟು ಮಾಡಬೇಕೆಂದು ನಿರ್ಣಯಿಸಿದರು. ಹೀಗೆ ಅಮೇರಿಕಾದ ಸ್ನೇಹಿತರ ಸೇವಾಸಮಿತಿಯು ಹುಟ್ಟಿತು. ಒಡೆದುಹೋದ ಪಾಲುಗಳು ಒಂದೇ ಕೆಲಸದಲ್ಲಿ ಕೂಡಿದ್ದು ಆಗಲೇ. ಅದಕ್ಕೆ ಜೋನ್ಸರು ಅಧ್ಯಕ್ಷರಾದರು.

ಅವರು ಯೌವನಸ್ಥರನ್ನು ಹಾಗೆಯೇ ಹಡಗು ಹತ್ತಿಸಿ ಕಳುಹಿಸಲಿಲ್ಲ. ಆರಿಸಿದ ನೂರು ಮಂದಿಯನ್ನು ಆ ಬೇಸಿಗೆಯಲ್ಲಿ ಹ್ಯಾವರ್‌ಫರ್ಡ್ ಕಾಲೇಜಿಗೆ ಕರತಂದು ತರಬೇತು ಕೊಡಿಸಿದರು. ಏನು ಕಲಿಸಿದರೆಂಬದು ಗಮನಿಸತಕ್ಕದ್ದು. ಬಡಗಿಯ ಕೆಲಸ, ಯಂತ್ರಗಳನ್ನು ದುರಸ್ತುಮಾಡುವ ಕೆಲಸ, ಬೇಸಾಯ, ಕಷ್ಟದಲ್ಲಿರುವವರಿಗೆ ಸಹಾಯ ಮಾಡುವ ಕ್ರಮ, ಇವುಗಳ ಸಂಗಡ ಫ್ರೆಂಚ್ ಭಾಷೆ. ಪರರ ಮನೆಯನ್ನು ಕಟ್ಟಲಿಕ್ಕೆ ಹೋಗುವವನಿಗೆ ಉಳಿ ಹಿಡಿಯಲಿಕ್ಕೆ ಬರಬೇಕು. ಮಕ್ಕಳನ್ನು ಕಳಕೊಂಡ ವಿಧವೆಯ ಸಂಗಡ ಮಾತಾಡುವವನಿಗೆ ಅವಳ ಮಾತು ತಿಳಿಯಬೇಕು. ಇವೆರಡೂ ಇಲ್ಲದ ಪ್ರೀತಿಯು ಆಡುವ ಮಾತಾಗಿಯೇ ಉಳಿಯುವದು. ಅವರಿಗೆ ಸಂಬಳವಿಲ್ಲ, ಹೊಟ್ಟೆಬಟ್ಟೆಗೆ ಮಾತ್ರ. ಬೂದುಬಣ್ಣದ ಅಂಗಿಯ ಮೇಲೆ ಕೆಂಪು ಕಪ್ಪು ಬಣ್ಣದ ಎಂಟು ಮೂಲೆಯ ನಕ್ಷತ್ರವೇ ಅವರ ಗುರುತು.

ಸೆಪ್ಟೆಂಬರ್ ತಿಂಗಳಲ್ಲಿ ಅವರು ಫ್ರಾನ್ಸಿಗೆ ಹೊರಟರು. ಅಲ್ಲಿ ಇಂಗ್ಲೆಂಡಿನ ಕ್ವೇಕರರು 1914ರಿಂದಲೇ ಕೆಲಸ ನಡಿಸುತ್ತಿದ್ದರು. ಶಾಲೋನ್ ಎಂಬ ಊರಿನಲ್ಲಿ ಯುದ್ಧದಿಂದ ಓಡಿಬಂದ ಹೆಂಗಸರಿಗಾಗಿ ಇವರು ಸ್ಥಾಪಿಸಿದ ಹೆರಿಗೆಮನೆಯು ಯುದ್ಧ ತೀರಿದ ಮೇಲೆಯೂ ಆ ಊರಿಗೆ ದಾನವಾಗಿ ನಿಂತಿತು. ಅಮೇರಿಕಾದವರು ಮರದ ಮನೆಗಳ ತುಂಡುಗಳನ್ನು ಕಾರಖಾನೆಯಲ್ಲಿ ಸಿದ್ಧಮಾಡಿ ಹಾಳಾದ ಹಳ್ಳಿಗಳಿಗೆ ಒಯ್ದು ಜೋಡಿಸಿದರು. ಬೀಜ, ಕೋಳಿ, ಮೊಲ, ಬೇಸಾಯದ ಸಾಮಾನುಗಳನ್ನು ಒಕ್ಕಲಿಗರಿಗೆ ಒದಗಿಸಿದರು. ಪೈರನ್ನು ಕೊಯ್ದು ಒಕ್ಕಿದರು. ಮೆನ್ನೊನೈಟರೆಂಬ ಬೇರೊಂದು ಸಭೆಯ ಯೌವನಸ್ಥರೂ ಅವರ ಸಂಗಡ ಕೂಡಿಕೊಂಡರು.

ಊರಿನಲ್ಲಿ ಉಳಿದವರಿಗೂ ಪರೀಕ್ಷೆ ಬಂತು. ಜೋನ್ಸರ ಮೈದುನರಾದ ಹೆನ್ರಿ ಕ್ಯಾಡ್ಬರಿ ಎಂಬವರು ಹ್ಯಾವರ್‌ಫರ್ಡಿನಲ್ಲಿ ಉಪಾಧ್ಯಾಯರಾಗಿದ್ದರು. 1918ರಲ್ಲಿ ಅವರು ಜರ್ಮನರನ್ನು ದ್ವೇಷಿಸಬಾರದೆಂದು ವರ್ತಮಾನಪತ್ರಕ್ಕೆ ಬರೆದ ಒಂದು ಕಾಗದದ ನಿಮಿತ್ತವಾಗಿ ಜನರ ಕೋಪ ಉರಿಯಿತು. ಅವರು ಕಾಲೇಜಿನ ಕೆಲಸವನ್ನು ಬಿಡಬೇಕಾಯಿತು. ಆ ಕಾಲೇಜು ಕ್ವೇಕರರದೇ ಆಗಿದ್ದರೂ ಹೀಗಾಯಿತು. ಸಮಾಧಾನದ ಮಾತಿಗೆ ಬೆಲೆ ಕೊಡಬೇಕಾಗುವದು ಪರರ ಕೈಯಲ್ಲಿ ಮಾತ್ರವಲ್ಲ, ನಮ್ಮವರ ಕೈಯಲ್ಲಿಯೂ ಉಂಟು.

4. ಸೆರೆಯವರ ಕೂಲಿ

1918ರ ನವೆಂಬರ್ ತಿಂಗಳಲ್ಲಿ ಯುದ್ಧವು ನಿಂತಿತು. ವೆರ್ದನ್ ಎಂಬ ಊರಿನ ಸುತ್ತಲಿನ ಹಳ್ಳಿಗಳು ಕಲ್ಲಿನ ರಾಶಿಗಳಾಗಿದ್ದವು. ಅಮೇರಿಕಾದ ದಂಡು ಬಿಟ್ಟುಹೋದ ಸಾಮಾನಿನ ದೊಡ್ಡ ಉಗ್ರಾಣಗಳನ್ನು ಸೇವಾಸಮಿತಿಯವರು ಕೊಂಡುಕೊಂಡು, ಅದರೊಳಗಿನ ಹಲಗೆ, ತಗಡು, ಸಲಿಕೆ, ಗುದ್ದಲಿಗಳನ್ನು ಹಳ್ಳಿಯವರಿಗೆ ಕಡಿಮೆ ಕ್ರಯಕ್ಕೆ ಮಾರಿದರು. ಈ ಸಾಮಾನನ್ನು ಹೊರಲಿಕ್ಕೂ ಬೇರ್ಪಡಿಸಲಿಕ್ಕೂ ಆಳುಗಳು ಬೇಕಾದಾಗ ಫ್ರೆಂಚ್ ಸರಕಾರವು ಜರ್ಮನ್ ಸೆರೆಯಾಳುಗಳನ್ನು ಕೊಟ್ಟಿತು. ಆದರೆ ಸೆರೆಯವರಿಗೆ ಕೂಲಿ ಕೊಡಕೂಡದೆಂದು ಅಪ್ಪಣೆಯಿತ್ತು.

ನೋಡಿರಿ, ಇಲ್ಲಿ ಸುಮ್ಮನಿರಲಿಕ್ಕೆ ಎಷ್ಟು ನೆವಗಳಿದ್ದವು! ಸರಕಾರದ ಅಪ್ಪಣೆಯೇ ಹಾಗುಂಟು, ಸೆರೆಯವರು ವೈರಿಗಳು, ಆ ಹಳ್ಳಿಗಳನ್ನು ಹಾಳುಮಾಡಿದ್ದು ಅವರದೇ ದಂಡು. ಆದರೆ ಬೆವರು ಸುರಿಸಿದವನ ಕೂಲಿಯು ಕೂಲಿಯೇ ಎಂದು ಆ ಸೇವಕರು ಎಣಿಸಿದರು. ಒಬ್ಬೊಬ್ಬನು ಮಾಡಿದ ಕೆಲಸದ ಲೆಕ್ಕವನ್ನು ಬರೆದಿಟ್ಟರು. ಅವರ ಚಿತ್ರಗಳನ್ನು ತೆಗೆಸಿ, ಮನೆಯ ವಿಳಾಸಗಳನ್ನು ಕೇಳಿಕೊಂಡರು. ಬಳಿಕ ಸಮಿತಿಯವರು ಜರ್ಮನಿಗೆ ಹೋಗಿ, ಆ ಮನೆಗಳನ್ನು ಹುಡುಕಿ, ಹೆಂಡಿರು ಮಕ್ಕಳ ಕೈಯಲ್ಲಿ ಕೂಲಿಯ ಹಣವನ್ನೂ ಚಿತ್ರವನ್ನೂ ಕೊಟ್ಟರು. ತನ್ನ ಗಂಡನು ಬದುಕಿದ್ದಾನೆಂಬದಕ್ಕೆ ಸಾಕ್ಷಿಯನ್ನು ವೈರಿಯ ಕಡೆಯವನೊಬ್ಬನು ಮನೆಯ ಬಾಗಲಿಗೆ ತಂದಾಗ ಆ ಹೆಂಗಸಿನ ಮನಸ್ಸು ಹೇಗಾಗಿರಬೇಕು! ಇದನ್ನು ಜೋನ್ಸರು 1920ರಲ್ಲಿ ಸಮಿತಿಯ ಕೆಲಸದ ವಿಷಯವಾಗಿ ಬರೆದ ಗ್ರಂಥದಲ್ಲಿ ವಿವರಿಸಿದ್ದಾರೆ.

ಪ್ರೀತಿಯ ಹೆಸರಿನಿಂದ ನ್ಯಾಯವನ್ನು ತಪ್ಪಿಸುವವರು ಬಹಳ. ದಾನ ಕೊಡುವವನು ತನ್ನ ಆಳಿನ ಕೂಲಿಯನ್ನು ಹಿಡಿದರೆ ಆ ದಾನವು ವ್ಯರ್ಥ. ಸಮಾಧಾನವು ನ್ಯಾಯದ ಲೆಕ್ಕದಿಂದ ಆರಂಭವಾಗುವದೆಂಬದು ಈ ಸಂಗತಿಯಿಂದ ತಿಳಿಯುವದು.

5. ವೈರಿಯ ಮಕ್ಕಳಿಗೆ ಊಟ

ಯುದ್ಧ ನಿಂತರೂ ಜರ್ಮನಿಗೆ ಆಹಾರ ಹೋಗದಂತೆ ಹಾಕಿದ ಸಮುದ್ರದ ಮುತ್ತಿಗೆಯು 1919ರ ಜುಲೈ ವರೆಗೆ ತೆಗೆಯಲ್ಪಡಲಿಲ್ಲ. ಮಕ್ಕಳು ಎಲುಬುಗೂಡಾದರು. ಆಗ ಅಮೇರಿಕಾದ ಪರಿಹಾರಕಾರ್ಯಕ್ಕೆ ಮುಖ್ಯಸ್ಥರಾಗಿದ್ದ ಹರ್ಬರ್ಟ್ ಹೂವರ್ ಎಂಬವರು, ತಾವೂ ಕ್ವೇಕರ್ ಮನೆತನದಲ್ಲಿ ಹುಟ್ಟಿದವರಾಗಿ, ಜರ್ಮನ್ ಮಕ್ಕಳಿಗೆ ಊಟ ಹಾಕುವ ಭಾರವನ್ನು ಜೋನ್ಸರ ಸಮಿತಿಯ ಮೇಲೆ ಇಟ್ಟರು. ಅಮೇರಿಕಾದಲ್ಲಿ ಅನೇಕರಿಗೆ ಇದು ಸೇರಲಿಲ್ಲ. ತಮ್ಮ ಮಕ್ಕಳನ್ನು ಕೊಂದವರ ಮಕ್ಕಳಿಗೆ ಅನ್ನ ಯಾಕೆ ಎಂದು ಗುಣುಗುಟ್ಟಿದರು. ಸಮಿತಿಯವರು ಹಿಂಜರಿಯಲಿಲ್ಲ.

1920ರ ಆರಂಭದಲ್ಲಿ ಕೆಲಸ ಮೊದಲಾಯಿತು. ಪಕ್ಷಪಾತಕ್ಕೆ ಎಡೆಯಾಗದಂತೆ ಅವರು ಮಾಡಿದ ಕ್ರಮವು ನಮ್ಮ ಸೇವಕರು ಬಾಯಿಪಾಠ ಮಾಡತಕ್ಕದ್ದು. ಯಾರಿಗೆ ಊಟವೆಂಬದನ್ನು ಊರಿನ ದೊಡ್ಡವರು ಗೊತ್ತುಮಾಡಲಿಲ್ಲ. ವೈದ್ಯರು ಶಾಲೆಯ ಮಕ್ಕಳನ್ನು ಪರೀಕ್ಷಿಸಿ ಯಾರು ಹೆಚ್ಚು ಸೊರಗಿದ್ದಾರೋ ಅವರನ್ನು ಆರಿಸಿದರು. ಜಾತಿ, ಮತ, ತಂದೆಯ ರಾಜಕೀಯ ಪಕ್ಷ ಇವುಗಳನ್ನು ಕೇಳಲಿಲ್ಲ. ಮಗುವು ಅಲ್ಲಿಯೇ ಕೂತು ಉಣ್ಣಬೇಕು, ಮನೆಗೆ ಒಯ್ಯಕೂಡದು, ಯಾಕಂದರೆ ಮನೆಗೆ ಹೋದ ಊಟವು ಬಲವುಳ್ಳವರ ಪಾಲಾಗುವದು. ಅಡಿಗೆಮನೆಗಳನ್ನು ನಡಿಸುವ ಕೆಲಸವನ್ನು ಆ ದೇಶದವರ ಕೈಗೇ ಕೊಟ್ಟರು. ಪರದೇಶದವರು ಕೆಲವರು ಮಾತ್ರ ಇದ್ದು ಲೆಕ್ಕವನ್ನು ನೋಡಿಕೊಂಡರು. 1921ರಲ್ಲಿ ದಿನಾಲು ಉಣ್ಣುವ ಮಕ್ಕಳ ಸಂಖ್ಯೆಯು 10 ಲಕ್ಷವನ್ನು ಮುಟ್ಟಿತು. ಜರ್ಮನರು ಆ ಊಟಕ್ಕೆ ಕ್ವೇಕರ್ ಊಟವೆಂದೇ ಹೆಸರಿಟ್ಟರು. ಪೋಲೆಂಡಿನಲ್ಲಿ ಜ್ವರ ಹರಡಿದಾಗಲೂ, ರಶ್ಯದಲ್ಲಿ 1921ರ ಮಹಾಬರ ಬಂದಾಗಲೂ, 1931ರಲ್ಲಿ ತಮ್ಮ ದೇಶದ ಕಲ್ಲಿದ್ದಲ ಗಣಿಗಳಲ್ಲಿ ಕೆಲಸವಿಲ್ಲದೆ ಹಸಿದವರ ಮಕ್ಕಳಿಗಾಗಿಯೂ ಸಮಿತಿಯವರು ಹೀಗೆಯೇ ಕೆಲಸ ಮಾಡಿದರು.

1926ರಲ್ಲಿ ಜೋನ್ಸರು ಪೂರ್ವದೇಶಗಳಲ್ಲಿ ಪ್ರಯಾಣಮಾಡಿ ಚೀನಾ, ಜಪಾನ್‌ಗಳನ್ನು ನೋಡಿ, ನಮ್ಮ ದೇಶಕ್ಕೂ ಬಂದು, ಸಾಬರಮತಿಯ ಆಶ್ರಮದಲ್ಲಿ ಗಾಂಧೀಜಿಯವರನ್ನು ಕಂಡರು. ಆಯುಧವಿಲ್ಲದೆ ಅನ್ಯಾಯವನ್ನು ಎದುರಿಸುವ ಮಾರ್ಗವನ್ನು ಒಬ್ಬರು ಭಾರತದಲ್ಲಿ, ಒಬ್ಬರು ಅಮೇರಿಕಾದಲ್ಲಿ ಹುಡುಕುತ್ತಿದ್ದವರು ಹೀಗೆ ಎದುರೆದುರಿಗೆ ಕೂತರು.

6. ಪೊಲೀಸರ ಕೋಣೆಯಲ್ಲಿ ಮೌನಪ್ರಾರ್ಥನೆ

ಆ ಬಳಿಕ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. 1938ರ ನವೆಂಬರ್ 9ರ ರಾತ್ರಿಯಲ್ಲಿಯೂ ಮಾರಣೇ ದಿನದಲ್ಲಿಯೂ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟು, ಅಂಗಡಿಗಳನ್ನು ಒಡೆದು, ಸಾವಿರಾರು ಜನರನ್ನು ಸೆರೆಗೆ ಒಯ್ದರು. ಆಗ ಜೋನ್ಸರಿಗೆ 75 ವರುಷ. ಅವರೂ ರಾಬರ್ಟ್ ಯಾರ್ನಲ್, ಜಾರ್ಜ್ ವಾಲ್ಟನ್ ಎಂಬಿಬ್ಬರೂ ಡಿಸೆಂಬರ್ ತಿಂಗಳ ಚಳಿಯಲ್ಲಿ ಹಡಗು ಹತ್ತಿ ಬೆರ್ಲಿನ್ ಪಟ್ಟಣಕ್ಕೆ ಹೋದರು. ಯೆಹೂದ್ಯರಿಗೆ ಸಹಾಯ ಮಾಡಲಿಕ್ಕೆ ಅಪ್ಪಣೆ ಬೇಕೆಂದು ಗೆಸ್ಟಾಪೋ ಎಂಬ ಗುಪ್ತ ಪೊಲೀಸರ ಮುಖ್ಯ ಕಚೇರಿಯನ್ನು ಹೊಕ್ಕರು. ಆ ಹೆಸರನ್ನು ಕೇಳಿದರೆ ಜನರು ನಡುಗುತ್ತಿದ್ದರು.

ಅಲ್ಲಿ ಇಬ್ಬರು ಅಧಿಕಾರಿಗಳ ಎದುರಿಗೆ ಅವರು ಒಂದು ಬರಹವನ್ನು ಇಟ್ಟರು. ತಾವು ಯಾವ ಸರಕಾರದವರೂ ಅಲ್ಲವೆಂದೂ, ಯುದ್ಧ ತೀರಿದ ಮೇಲೆ ಜರ್ಮನ್ ಮಕ್ಕಳಿಗೆ ಊಟ ಹಾಕಿದವರೆಂದೂ, ಈಗಲೂ ಯಾರನ್ನೂ ದೂರಲಿಕ್ಕೆ ಬಾರದೆ ಕಷ್ಟದಲ್ಲಿರುವವರಿಗೆ ಸಹಾಯ ಮಾಡಲಿಕ್ಕೆ ಬಂದಿದ್ದೇವೆಂದೂ ಅದರ ಸಾರಾಂಶ. ಅಧಿಕಾರಿಗಳು ಅದನ್ನು ಓದಿ, ಮೇಲಿನವರನ್ನು ಕೇಳಿಬರುತ್ತೇವೆಂದು ಹೊರಗೆ ಹೋದರು. ಮೂವರೂ ತಲೆಬಾಗಿಸಿ ಮೌನವಾಗಿ ಪ್ರಾರ್ಥಿಸುತ್ತಾ ಕೂತರು. ಅಧಿಕಾರಿಗಳು ತಿರಿಗಿ ಬಂದು ಅಪ್ಪಣೆಯಾಯಿತೆಂದು ಹೇಳಿದರು. ಬರವಣಿಗೆಯಲ್ಲಿ ಕೊಡುವಿರೋ ಎಂದು ಕೇಳಿದಾಗ, ಬರೆದು ಕೊಡುವದಿಲ್ಲ, ಆದರೆ ಈ ಕೋಣೆಯಲ್ಲಿ ಆಡಿದ ಪ್ರತಿಯೊಂದು ಮಾತೂ ಯಂತ್ರದಲ್ಲಿ ದಾಖಲಾಗಿದೆ ಎಂದರು. ತಾವು ಮೂವರೇ ಇದ್ದ ಹೊತ್ತಿನಲ್ಲಿ ಮಾತಾಡದೆ ಪ್ರಾರ್ಥಿಸಿದ್ದಕ್ಕಾಗಿ ಅವರು ದೇವರನ್ನು ಸ್ತುತಿಸಿದರು.

ಇಲ್ಲಿಗೇ ಚರಿತ್ರೆಯನ್ನು ನಿಲ್ಲಿಸಿದರೆ ಕೇಳುವದಕ್ಕೆ ಹಿತವಾಗಿರುವದು. ಆದರೆ ಸತ್ಯವನ್ನು ಮುಚ್ಚಬಾರದು. ಆ ಅಪ್ಪಣೆಯಿಂದ ಕೆಲವು ಜನರು ದೇಶ ಬಿಟ್ಟು ಬದುಕಿಕೊಳ್ಳುವದಕ್ಕೆ ಸಹಾಯವಾಯಿತು. ಆದರೆ ಒಂಭತ್ತು ತಿಂಗಳೊಳಗಾಗಿ 1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಹತ್ತಿತು. ಅದು ತೀರುವದರೊಳಗೆ ಸುಮಾರು 60 ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟರು. ಆ ಅಧಿಕಾರಿಗಳ ಹೃದಯವು ಅಂದು ಮೆತ್ತಗಾಯಿತೆಂದು ಜೋನ್ಸರು ನಂಬಿದ್ದರು. ಆದರೆ ಅಂಥಾ ಕಚೇರಿಗಳಿಂದಲೇ ಆ ಮೇಲೆ ಕೊಲೆಯ ಅಪ್ಪಣೆಗಳು ಹೊರಟವು. 1921ರಲ್ಲಿ ಕ್ವೇಕರ್ ಊಟ ಉಂಡ ಮಕ್ಕಳಲ್ಲಿ ಎಷ್ಟೋ ಮಂದಿ ದೊಡ್ಡವರಾಗಿ ಹಿಟ್ಲರನ ದಂಡಿನಲ್ಲಿ ನಡೆದರು.

ಹಾಗಾದರೆ ಆ ಊಟವೂ ಆ ಪ್ರಯಾಣವೂ ವ್ಯರ್ಥವಾದವೋ? ನಾವು ಹಾಗೆ ಎಣಿಸುವದಿಲ್ಲ. ಬಿತ್ತುವವನ ಸಾಮ್ಯದಲ್ಲಿ ಬೀಜವು ಎಲ್ಲಾ ನೆಲದಲ್ಲಿಯೂ ಬೆಳೆಯಲಿಲ್ಲ. ಆದರೂ ಬಿತ್ತುವವನು ತಪ್ಪಿತಸ್ಥನಾಗಲಿಲ್ಲ. ಹಸಿದ ಮಗುವಿಗೆ ಕೊಟ್ಟ ಅನ್ನವು ಆ ಮಗುವಿನ ಹಸಿವನ್ನು ತೀರಿಸಿತು. ದೇಶ ಬಿಟ್ಟು ಬದುಕಿದವನಿಗೆ ಜೀವ ಉಳಿಯಿತು. ಆದರೆ ಒಂದು ಸಾರಿ ಮಾಡಿದ ಸಮಾಧಾನವು ಎಂದೆಂದಿಗೂ ನಿಲ್ಲುವದೆಂದು ಸೇವಕನು ನೆಚ್ಚಿ ಕೂರಬಾರದು. ಸಮಾಧಾನವು ಹೊಲದ ಹಾಗೆ. ಹೋದ ವರುಷ ಉತ್ತರೂ ಈ ವರುಷ ತಿರಿಗಿ ಉಳಬೇಕು.

7. ಕಡೇ ದಿನಗಳು

ಜೋನ್ಸರು 1928ರಲ್ಲಿ ಅಧ್ಯಕ್ಷತನವನ್ನು ಬಿಟ್ಟಿದ್ದವರು 1935ರಲ್ಲಿ ತಿರಿಗಿ ಅದನ್ನು ಹೊತ್ತು 1944ರ ವರೆಗೆ ನಡಿಸಿದರು. ಐವತ್ತಕ್ಕೂ ಹೆಚ್ಚು ಗ್ರಂಥಗಳನ್ನು ಬರೆದರು. 1947ರಲ್ಲಿ ಲೋಕಪ್ರಸಿದ್ಧವಾದ ನೊಬೆಲ್ ಶಾಂತಿಬಹುಮಾನವು ಅಮೇರಿಕಾದ ಸಮಿತಿಗೂ ಇಂಗ್ಲೆಂಡಿನ ಕ್ವೇಕರರ ಸಮಿತಿಗೂ ಕೂಡಿ ದೊರೆಯಿತು. ಅದನ್ನು ತೆಗೆದುಕೊಳ್ಳಲಿಕ್ಕೆ ಅಮೇರಿಕಾದಿಂದ ಹೋದವರು ಯಾರು? ದ್ವೇಷಿಸಬಾರದೆಂದು ಬರೆದದ್ದಕ್ಕಾಗಿ ಕಾಲೇಜಿನ ಕೆಲಸವನ್ನು ಕಳಕೊಂಡಿದ್ದ ಆ ಹೆನ್ರಿ ಕ್ಯಾಡ್ಬರಿಯವರೇ. ಅರಸರ ಸಭೆಗೆ ತಕ್ಕ ಉದ್ದನ್ನ ಕೋಟು ಅವರಲ್ಲಿ ಇರಲಿಲ್ಲ. ಕಷ್ಟದಲ್ಲಿದ್ದವರಿಗಾಗಿ ಸಮಿತಿಯವರು ಕೂಡಿಸಿದ್ದ ಬಟ್ಟೆಗಳ ರಾಶಿಯಿಂದ ಒಂದನ್ನು ಎರವಲಾಗಿ ತೆಗೆದುಕೊಂಡು ಹಾಕಿಕೊಂಡು ಹೋದರಂತೆ.

1948ನೇ ಇಸವಿ ಜೂನ್ 16ರಲ್ಲಿ ಜೋನ್ಸರು ಹ್ಯಾವರ್‌ಫರ್ಡಿನಲ್ಲಿ ತಮ್ಮ ಮನೆಯಲ್ಲಿಯೇ 85ನೇ ವಯಸ್ಸಿನಲ್ಲಿ ಸಮಾಧಾನವಾಗಿ ನಿದ್ರೆಹೋದರು. ತಮ್ಮ ಕಡೇ ಗ್ರಂಥದ ಅಚ್ಚಿನ ಹಾಳೆಗಳನ್ನು ತಿದ್ದುವ ಕೆಲಸದಲ್ಲಿ ಅವರು ಇದ್ದರು.

8. ನಮಗೆ ಪಾಠ

ನಮ್ಮ ಸಭೆಗಳಲ್ಲಿಯೂ ಸೇವೆಗಾಗಿ ನೇಮಿಸಲ್ಪಟ್ಟವರು ಉಂಟು. ಉಪದೇಶಿಗಳು, ಶಾಲೆಯ ಮಾಸ್ತರರು, ಸತ್ಯವೇದದ ಹೆಂಗಸರು, ಆಸ್ಪತ್ರೆಯ ದಾದಿಯರು, ಮಕ್ಕಳ ವಸತಿಶಾಲೆಯನ್ನು ನೋಡುವವರು, ಬಡವರ ನಿಧಿಯನ್ನು ಹಂಚುವ ಹಿರಿಯರು, ಇವರೆಲ್ಲರೂ ಕೊಡುವ ಕೈಯುಳ್ಳವರು. ಕೊಡುವ ಕೈಗೆ ಬಲ ಬರುವದು. ಬಲ ಬಂದಲ್ಲಿ ಪಕ್ಷ ಹುಟ್ಟುವದು. ಆದದರಿಂದ ಈ ಚರಿತ್ರೆಯಿಂದ ಐದು ಮಾತುಗಳನ್ನು ಕಲಿಯೋಣ.

ಮೊದಲನೇದು, ಹೊರಡುವ ಮುಂಚೆ ಕಲಿಯಬೇಕು. ಪ್ರೀತಿಯುಂಟೆಂದು ಹೇಳಿ ಕೆಲಸ ತಿಳಿಯದೆ ಹೋಗುವವನು ಭಾರವೇ ಹೊರತು ಸಹಾಯವಲ್ಲ. ಎರಡನೇದು, ಹಂಚುವ ಕ್ರಮವನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಅಗತ್ಯವೇ ಅಳತೆಯಾಗಲಿ, ಮುಖದಾಕ್ಷಿಣ್ಯ ಬೇಡ, ನಂಟಸ್ತಿಕೆ ಬೇಡ. ಮೂರನೇದು, ಎರಡು ಪಕ್ಷದವರ ಮನೆಗೂ ಹೋಗಬೇಕು. ಬಾವಿಯ ವಿಷಯವಾಗಿಯೋ ಹೊಲದ ಬದುವಿನ ವಿಷಯವಾಗಿಯೋ ಜಗಳವೆದ್ದಾಗ ಉಪದೇಶಿಯು ಒಂದೇ ಮನೆಯಲ್ಲಿ ಕೂತು ನೀರು ಕುಡಿದರೆ, ಅವನು ಪ್ರಾರ್ಥಿಸಿದರೂ ಮತ್ತೊಂದು ಮನೆಯವರ ಕಿವಿಗೆ ಅದು ಪ್ರಾರ್ಥನೆಯಾಗಿ ಕೇಳದು. ನಾಲ್ಕನೇದು, ನ್ಯಾಯವಾಗಿ ಸಲ್ಲತಕ್ಕದ್ದನ್ನು ಮೊದಲು ಸಲ್ಲಿಸಬೇಕು; ಸೆರೆಯವರ ಕೂಲಿಯನ್ನು ನೆನಸಿರಿ. ಕೂಲಿ ಸಲ್ಲಿಸದೆ ಕ್ಷಮೆಯ ವಿಷಯವಾಗಿ ಪ್ರಸಂಗ ಮಾಡಿದರೆ ಕೇಳುವವನ ಗಾಯಕ್ಕೆ ಉಪ್ಪು ಹಚ್ಚಿದಂತಾಗುವದು. ಐದನೇದು, ಮಾತಾಡುವದಕ್ಕಿಂತ ಮುಂಚೆ ಮೌನವಾಗಿ ದೇವರ ಮುಂದೆ ಕೂರಬೇಕು. ಕೋಪದಿಂದ ಬಂದವರ ಎದುರಿಗೆ ಅರ್ಧ ಗಳಿಗೆ ಸುಮ್ಮನಿರಬಲ್ಲವನು ಅರ್ಧ ಜಗಳವನ್ನು ಆಗಲೇ ತೀರಿಸಿದ್ದಾನೆ.

ಇದಲ್ಲದೆ ಇನ್ನೊಂದು ಮಾತನ್ನು ಮರೆಯಬಾರದು. ಜೋನ್ಸರು ದೇಶಗಳ ಜಗಳಕ್ಕೆ ಹೋಗುವದಕ್ಕಿಂತ ಮುಂಚೆ ತಮ್ಮ ಸಭೆಯ ಒಡಕಿನಲ್ಲಿ ಇಪ್ಪತ್ತು ವರುಷಗಳಿಗಿಂತ ಹೆಚ್ಚಾಗಿ ದುಡಿದರು. ನಮ್ಮ ಊರುಗಳಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗಾರರಾಗುವವರು ಮದುವೆಯ ಊಟದಲ್ಲಿ ಒಂದೇ ಸಾಲಿನಲ್ಲಿ ಕೂರದೆ ಇರುವದುಂಟು. ಹಳೇ ಜಾತಿಯ ನೆನಪನ್ನು ದೀಕ್ಷಾಸ್ನಾನದ ನೀರಿನಲ್ಲಿ ಮುಳುಗಿಸದೆ ದಡದ ಮೇಲೆ ಇಟ್ಟು ಬಂದವರುಂಟು. ಅಂಥಾ ಸಭೆಯಿಂದ ಹೊರಟ ಸಮಾಧಾನದ ಸೇವಕನನ್ನು ಹೊರಗಿನವರು ಹೇಗೆ ನಂಬಾರು?

ಗುಡ್ಡದ ಮೇಲೆ ಕೂತು ಉಪದೇಶಿಸಿದ ಕರ್ತನು ಸಮಾಧಾನಪಡಿಸುವವರನ್ನು ದೇವರ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದನು. ಆ ಸಾಲಿನಲ್ಲಿ ನಿಲ್ಲುವದಕ್ಕೆ ಪರದೇಶಕ್ಕೆ ಹೋಗಬೇಕಾದದ್ದಿಲ್ಲ. ಈ ತಿಂಗಳಲ್ಲಿ ನಿಮ್ಮ ಸಭೆಯೊಳಗೆ ಮಾತು ಬಿಟ್ಟಿರುವ ಎರಡು ಮನೆಗಳು ಯಾವವು? ಮೊದಲು ಯಾವ ಬಾಗಲಿಗೆ ಹೋಗಬೇಕೆಂದು ಪ್ರಾರ್ಥಿಸಿ ತಿಳುಕೊಂಡು, ಎರಡೂ ಬಾಗಲುಗಳನ್ನು ತಟ್ಟಿರಿ. ಕರ್ತನು ನಿಮ್ಮ ಕಾಲುಗಳನ್ನು ಸ್ಥಿರಪಡಿಸಲಿ.